ಖಾಲಿ ಬಾಟಲಿಯನ್ನೂ ಎಣಿಸಿ

ಓದುಗರ ಪತ್ರ: "ಜನವಸತಿಯೇ ಇಲ್ಲದ ಕಡಲ ದಡಗಳ ಚಿಪ್ಪುಮೀನಿನಲ್ಲೂ ಪ್ಲಾಸ್ಟಿಕ್ ಚೂರು ಸಿಗುತ್ತದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಅಲ್ಲಿಗೆ ಅದು ಹೋಗುವುದಾದರೂ ಹೇಗೆ? ನಾವು ಮಕ್ಕಳ ಜೊತೆ ನಮ್ಮೂರ ಕೆರೆಯ ಐದು ಕಪ್ಪೆಚಿಪ್ಪುಗಳ ಮಾಂಸವನ್ನು ಬ್ಲೀಚಿನಲ್ಲಿ ಕರಗಿಸಿ, ಸೋಸಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆವು. 41 ನೀಲಿ ಎಳೆ ಸಿಕ್ಕವು. ಕೆರೆಗೂ ಪ್ಲಾಸ್ಟಿಕ್ ಬಂದಿದೆ ಎಂದು ವಿಜ್ಞಾನ ಮೇಳದಲ್ಲಿ ಹೇಳಬಹುದೇ?"
(ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು)

ಸಂಪಾದಕರ ಉತ್ತರ:

ಮೇಷ್ಟ್ರೇ, ಸದ್ಯಕ್ಕೆ ಹೇಳಬೇಡಿ. ಮೊದಲು ಒಂದು ಪ್ರಶ್ನೆ: ನಿಮ್ಮ ಮಕ್ಕಳ ಯೂನಿಫಾರಂ ಬಣ್ಣ ಯಾವುದು? ನೀಲಿಯಾಗಿದ್ದರೆ, ಆ 41ರಲ್ಲಿ ಎಷ್ಟು ಕೆರೆಯವು, ಎಷ್ಟು ಅಂಗಿಯವು ಎಂದು ಬೇರ್ಪಡಿಸಲು ಈಗ ದಾರಿ ಇಲ್ಲ. ಬ್ಲೀಚಿನಲ್ಲಿ ನೆನೆದೂ ಗಾಢ ನೀಲಿಯಾಗಿಯೇ ಉಳಿದ ಎಳೆಗಳಲ್ಲಿ ಕೆಲವಾದರೂ ಬ್ಲೀಚ್ ಚೆಲ್ಲಿದ ಮೇಲೆ ಬಿದ್ದವಿರಬಹುದು.

ದೂರದ ದಡದ ಪ್ರಶ್ನೆಗೆ ಬರೋಣ. ಶಾಂತ ಸಾಗರದ ಹೆಂಡರ್‌ಸನ್ ದ್ವೀಪದಲ್ಲಿ ಒಂದು ಮನೆಯೂ ಇಲ್ಲ. ದೊಡ್ಡ ಊರು ಅನ್ನುವುದು ಅಲ್ಲಿಂದ 5,000 ಕಿ.ಮೀ.ಗೂ ಆಚೆ. 2017ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅದರ ದಡದ ಮೇಲೆ 3.77 ಕೋಟಿ ಪ್ಲಾಸ್ಟಿಕ್ ತುಂಡುಗಳಿದ್ದವು. ಕಡಲ ಪ್ರವಾಹ ಅದನ್ನು ಅಲ್ಲಿಗೆ ತಂದು ಸುರಿಯುತ್ತದೆ. ಬಿಸಿಲಿಗೆ ಪೆಡಸಾಗಿ, ಅಲೆಗೆ ಉಜ್ಜಿ ಅದು ಪುಡಿಯಾಗುತ್ತದೆ. 5 ಮಿ.ಮೀ.ಗಿಂತ ಚಿಕ್ಕದಾದ ತುಂಡನ್ನು ಮೈಕ್ರೋಪ್ಲಾಸ್ಟಿಕ್ ಅನ್ನುತ್ತೇವೆ. ಮೀನು ಬಲೆ, ಹಗ್ಗ ಸವೆದು ಉದುರುವ ಎಳೆಗಳಿಗಂತೂ ದಡದಲ್ಲಿ ಊರೇ ಬೇಕಿಲ್ಲ, ಆಚೆ ಸಮುದ್ರದಲ್ಲಿ ದೋಣಿ ಇದ್ದರೆ ಸಾಕು. ಇನ್ನೊಂದು ದಾರಿ ಗಾಳಿ. ಫ್ರಾನ್ಸ್-ಸ್ಪೇನ್ ಗಡಿಯ ಪಿರೆನೀಸ್ ಪರ್ವತದ ನಿರ್ಜನ ಜಾಗವೊಂದರಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 365 ಪ್ಲಾಸ್ಟಿಕ್ ಕಣ ಆಕಾಶದಿಂದ ಬೀಳುತ್ತಿದ್ದುದನ್ನು 2019ರಲ್ಲಿ ವರದಿ ಮಾಡಿದರು. ಅಲ್ಲಿ ಬೀಳುವುದು ನಿಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಬೀಳದೆ ಇರುತ್ತದೆಯೇ?

ಕಡಲೇ ಕಾಣದ ಕೋಲಾರಕ್ಕೂ ಇದರಲ್ಲಿ ಪಾಲುಂಟು. ನಿಮ್ಮ ಜಿಲ್ಲೆಯಲ್ಲಿ ಹರಿಯುವ ಪಾಲಾರ್ ಬಂಗಾಳ ಕೊಲ್ಲಿ ಸೇರುವ ನದಿ, ಮಳೆಗಾಲ ಬಿಟ್ಟರೆ ಮರಳೇ ಹೆಚ್ಚು ಅನ್ನುವುದು ಬೇರೆ ಮಾತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ನದಿಗಳಲ್ಲಿ ಒಂದೇ ಚಳಿಗಾಲದ ನೆರೆ, ತಳದಲ್ಲಿ ಕೂತಿದ್ದ ಮೈಕ್ರೋಪ್ಲಾಸ್ಟಿಕ್ಕಿನ ಸುಮಾರು ಶೇ. 70ರಷ್ಟನ್ನು ಕೊಚ್ಚಿಕೊಂಡು ಹೋಗಿತ್ತು. ವರ್ಷವೆಲ್ಲ ಒಣಗಿ, ಕೆರೆ ಕೋಡಿ ಬಿದ್ದಾಗ ಮಾತ್ರ ಹರಿಯುವ ಹೊಳೆಯೂ ಹೀಗೇ ಒಮ್ಮೆಲೇ ಸಾಗಿಸುತ್ತದೆ ಎಂದು ನಮ್ಮ ಊಹೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಾಲಿನಲ್ಲಿ ನಿಮ್ಮ ಕೆರೆಯೂ ಇದ್ದರೆ ಅದನ್ನು ಚಾರ್ಟಿನಲ್ಲಿ ತಪ್ಪದೆ ನಮೂದಿಸಿ. ಕೊಳಚೆ ನೀರಿನ ಶುದ್ಧೀಕರಣ ಘಟಕ ಬಹುಪಾಲು ಕಣಗಳನ್ನು ಕೆಸರಿನಲ್ಲೇ ಹಿಡಿಯುತ್ತದೆ, ಆದರೆ ನೀರಿನ ಮೊತ್ತ ದೊಡ್ಡದಾದಾಗ ತಪ್ಪಿಸಿಕೊಂಡ ಎಳೆಗಳ ಸಂಖ್ಯೆಯೂ ದೊಡ್ಡದೇ. 6 ಕೆ.ಜಿ. ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಿಂದ 7 ಲಕ್ಷಕ್ಕೂ ಹೆಚ್ಚು ಎಳೆ ಉದುರಬಹುದು.

ಕಪ್ಪೆಚಿಪ್ಪಾಗಲಿ, ಕರಾವಳಿಯವರು ಪಚ್ಚಿಲೆ, ಮರುವಾಯಿ ಅನ್ನುವುದಾಗಲಿ, ನೀರನ್ನು ಸೋಸಿ ಉಣ್ಣುವ ಜೀವಿಗಳು. ಹಾಗೆಂದು ಅವು ಜರಡಿಯಲ್ಲ. ಕಿವಿರಿನಲ್ಲಿ ಸಿಕ್ಕಿದ್ದನ್ನು ಲೋಳೆಯಲ್ಲಿ ಸುತ್ತಿ, ಬೇಕಾದ್ದನ್ನು ಬಾಯಿಗೆ ಕಳಿಸಿ, ಬೇಡದ್ದನ್ನು ಹೊಟ್ಟೆಗೆ ಹೋಗುವ ಮೊದಲೇ ಉಂಡೆಮಾಡಿ ಹೊರಗೆ ತಳ್ಳುತ್ತವೆ. ಇದಕ್ಕೆ ಹುಸಿಮಲ ಎಂದು ಹೆಸರು. ನುಂಗಿದ್ದರಲ್ಲೂ ಒಂದಷ್ಟು ಹೊರಗೆ ಹೋಗುತ್ತದೆ. 2014ರಲ್ಲಿ ಪ್ರಕಟವಾದ ಬೆಲ್ಜಿಯಂ ಅಧ್ಯಯನದಲ್ಲಿ ಸಾಕಿದ ನೀಲಿ ಮಸೆಲ್‌ನ (ಪಚ್ಚಿಲೆಯಂಥದೇ ಕಡಲ ಚಿಪ್ಪು) ಒಂದು ಗ್ರಾಂ ಮಾಂಸಕ್ಕೆ 0.36 ಕಣ ಇತ್ತು. ಮೂರು ದಿನ ಶುದ್ಧ ನೀರಿನಲ್ಲಿಟ್ಟ ಮೇಲೆ 0.24. ಆದ್ದರಿಂದ ಮಾಂಸದಲ್ಲಿ ಎಳೆ ಕಡಿಮೆ ಸಿಕ್ಕಿತೆಂದು ಕೆರೆ ಚೊಕ್ಕವಾಗಿದೆ ಅನ್ನಲಾಗದು. ನಿಮ್ಮದು ಐದು ಚಿಪ್ಪಿಗೆ 41. ಮಾಂಸದ ತೂಕ ಬರೆದಿಲ್ಲವಾದ್ದರಿಂದ ಯಾವುದರ ಜೊತೆಗೂ ಹೋಲಿಸುವಂತಿಲ್ಲ.

ಮತ್ತೆ ಮಾಡಿ, ಈ ಸಲ ಬ್ಲೀಚ್ ಬಿಡಿ. ಅದು ನೈಲಾನ್ ಎಳೆಯನ್ನು ಕೆಡಿಸುತ್ತದೆ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸಾಕು: 100 ಗ್ರಾಂ ಬಿಲ್ಲೆಗಳನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕುತ್ತ ಕರಗಿಸಿ, ಒಟ್ಟು 1 ಲೀಟರ್ ಮಾಡಿ. ಬಿಲ್ಲೆಗಳ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಚರ್ಮವನ್ನೂ ಕಣ್ಣನ್ನೂ ಸುಡುವ ಸಾಮಾನು ಇದು; ಕೈಗವಸು, ಕನ್ನಡಕ ಹಾಕಿಕೊಂಡು ನೀವೇ ಮಾಡಿ, ಮಕ್ಕಳು ದೂರದಿಂದ ನೋಡಲಿ. ದ್ರಾವಣವನ್ನೂ ತೊಳೆಯುವ ನೀರನ್ನೂ ಬಳಸುವ ಮೊದಲೇ ಒಮ್ಮೆ ಸೋಸಿಟ್ಟುಕೊಳ್ಳಿ.

ಚಿಪ್ಪಿನ ಹೊರಮೈ ತೊಳೆದು, ಸ್ಟೀಲ್ ಚಾಕುವಿನಿಂದ ಬಿಡಿಸಿ, ಒಂದೊಂದು ಚಿಪ್ಪಿನ ಮಾಂಸವನ್ನೂ ಬೇರೆಬೇರೆ ತೂಗಿ. ಗಾಜಿನ ಬಾಟಲಿಗೆ ಹಾಕಿ, ಮಾಂಸದ ತೂಕದ ಹತ್ತು ಪಟ್ಟು ದ್ರಾವಣ ಸುರಿದು, ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಬಲ್ಬ್ ಹಾಕಿದ ಮರದ ಪೆಟ್ಟಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಇಡಿ, ಆಗಾಗ ಅಲ್ಲಾಡಿಸಿ. ಬೇಗ ಆಗಲೆಂದು ಸ್ಟೌವಿನ ಮೇಲಿಟ್ಟರೆ ಬಿಸಿ ಕ್ಷಾರ ಪಾಲಿಯೆಸ್ಟರನ್ನೇ ತಿನ್ನುತ್ತದೆ.

ಇದರ ಜೊತೆಗೇ ಇನ್ನೂ ಮೂರು ಬಾಟಲಿ ಇಡಿ, ಮಾಂಸವಿಲ್ಲದೆ, ದ್ರಾವಣ ಮಾತ್ರ ಹಾಕಿ. ಮಿಕ್ಕವನ್ನು ತೆರೆದಾಗ ಇವನ್ನೂ ತೆರೆಯಿರಿ, ಮುಚ್ಚಿದಾಗ ಮುಚ್ಚಿ, ಕೊನೆಗೆ ಸೋಸಿ ಎಣಿಸಿ. ಖಾಲಿ ಬಾಟಲಿಯಲ್ಲಿ ಸರಾಸರಿ 6 ಎಳೆ, ಚಿಪ್ಪಿನ ಬಾಟಲಿಯಲ್ಲಿ 8 ಸಿಕ್ಕರೆ, ನಿಮಗೆ ಸಿಕ್ಕಿದ್ದು ಬಹುಪಾಲು ಕೋಣೆಯ ಧೂಳು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೇಜನ್ನು ಒದ್ದೆ ಮಾಡಿ ಒರೆಸಿ. ಬಿಳಿಯ ಹತ್ತಿ ಕೋಟು ತೊಡಿ. ಸೋಸು ಕಾಗದವೂ ಬಿಳಿ ನಾರು ಬಿಡುತ್ತದೆ, ಹಾಗಾಗಿ ಬಿಳಿ ಎಳೆಗಳನ್ನು ಲೆಕ್ಕದಿಂದ ಬಿಡಿ.

ತಳದಲ್ಲಿ ಮರಳು ಉಳಿದರೆ ಉಪ್ಪುನೀರಿನಲ್ಲಿ ತೇಲಿಸಿ ಎಂದು ಕೆಲವರು ಹೇಳುತ್ತಾರೆ. ಲೀಟರ್ ನೀರಿಗೆ ಸುಮಾರು 360 ಗ್ರಾಂ ಅಡುಗೆ ಉಪ್ಪು ಕರಗಿಸಿದರೂ ಸಾಂದ್ರತೆ 1.2 ದಾಟದು. ಪಾಲಿಥೀನ್ ತೇಲುತ್ತದೆ, 1.38ರ ಪಾಲಿಯೆಸ್ಟರ್ ಮುಳುಗುತ್ತದೆ. ಅಂಗಿ, ಸೀರೆಯಿಂದ ಬರುವ ಎಳೆಯೇ ಕೈತಪ್ಪಿತು. ಮರಳಿನ ಸಮೇತ ಸೋಸಿ, ತಾಳ್ಮೆಯಿಂದ ಹುಡುಕುವುದೇ ವಾಸಿ.

ಸಿಕ್ಕ ಎಳೆ ಪ್ಲಾಸ್ಟಿಕ್ಕೇ, ಹತ್ತಿಯೇ? ಹೊಲಿಗೆ ಸೂಜಿಯನ್ನು ಕೆಂಪಗೆ ಕಾಯಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಲೇ ಎಳೆಯ ತುದಿಯ ಹತ್ತಿರ ತನ್ನಿ. ಪ್ಲಾಸ್ಟಿಕ್ ಮುದುಡಿ, ತುದಿಯಲ್ಲಿ ಗುಂಡಗೆ ಕರಗುತ್ತದೆ. ಹತ್ತಿ ಕರಗುವುದಿಲ್ಲ, ಮುಟ್ಟಿಸಿದರೆ ಕರಕಲಾಗುತ್ತದೆ. 0.1 ಮಿ.ಮೀ.ಗಿಂತ ಚಿಕ್ಕ ಚೂರಿಗೆ ಈ ಪರೀಕ್ಷೆ ನಡೆಯದು, ಅದಕ್ಕೆ ಬೆಳಕು ಹಾಯಿಸಿ ವಸ್ತು ಯಾವುದೆಂದು ಗುರುತಿಸುವ ಇನ್‌ಫ್ರಾರೆಡ್ ಅಥವಾ ರಾಮನ್ ಉಪಕರಣವೇ ಬೇಕು. ಚಾರ್ಟಿನಲ್ಲಿ "0.1 ಮಿ.ಮೀ.ಗಿಂತ ದೊಡ್ಡವು ಮಾತ್ರ" ಎಂದು ಬರೆದರಾಯಿತು.

ಉಳಿದ ಕ್ಷಾರವನ್ನು ಮೋರಿಗೆ ಚೆಲ್ಲಬೇಡಿ. ವಿನೆಗರ್ ಹನಿಹನಿಯಾಗಿ ಬೆರೆಸಿ, ಕೆಂಪು ಲಿಟ್ಮಸ್ ನೀಲಿಗೆ ತಿರುಗದಷ್ಟಾದ ಮೇಲೆ ಚೆಲ್ಲಿ. ಚಾರ್ಟಿನ ಮೊದಲ ಸಾಲಿನಲ್ಲಿ ಖಾಲಿ ಬಾಟಲಿಯ ಲೆಕ್ಕ ಇರಲಿ, ಎರಡನೆಯದರಲ್ಲಿ ಚಿಪ್ಪಿನದು, ಗ್ರಾಂ ಲೆಕ್ಕದಲ್ಲಿ. ಸೂಜಿಗೆ ಕರಗಿದ ಎಳೆಗಳ ಫೋಟೊವನ್ನು ಅಳತೆಪಟ್ಟಿಯ ಜೊತೆ ತೆಗೆದು ನಮಗೂ ಕಳಿಸಿ.