ಸೆನ್ಸರ್ ಬದಲಿಸಿದ ಮೇಲೂ ಚೆಕ್ ಲೈಟ್ ಬರ್ತಿದೆಯಾ? ಉರುಳಿ ಕಾಂಚನದ ಅಣ್ಣನಿಗೆ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ನಿಂಬೆಹಣ್ಣು ಇಳಿಸಿ ಈಗಷ್ಟೇ ಮನೆಗೆ ಬಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ. ನೀವು ಸುಮ್ನೆ ದೊಡ್ಡ ಖರ್ಚಿಗೆ ಬೀಳಬಾರದು ಅನ್ನೋದೇ ನನ್ನ ಆಸೆ.

ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ವಿಷಯ ಎರಡು ಮಾತಲ್ಲಿ ಹೇಳುತ್ತೇನೆ. ನಿಮ್ಮದು 2021ರ ಬಿಎಸ್6 ಡೀಸೆಲ್ ಪಿಕಪ್. ನರ್ಸರಿಯಿಂದ ಹಡಪ್ಸರ್, ಕೊಂಢ್ವಾ, ವಾಘೋಲಿ ಕಡೆ ಗಿಡ, ಕುಂಡ ಒಯ್ಯುತ್ತೀರಿ. ಚೆಕ್ ಲೈಟ್ ಬಂತು, ಗಾಡಿ ಎಳೆಯೋದು ಬಿಟ್ಟಿತು. ಸ್ಕ್ಯಾನರ್‌ನಲ್ಲಿ ಪಿ2031 ಮತ್ತು ಪಿ2463 ಅಂತ ಎರಡು ಕೋಡ್ ಬಂದವು. ಗ್ಯಾರೇಜಿನವರು ಸೈಲೆನ್ಸರ್‌ನ ಒಂದು ಸೆನ್ಸರ್ ಬದಲಿಸಿದರು. ಎಂಟು ದಿನಕ್ಕೆ ಅವೇ ಎರಡು ಕೋಡ್ ಮತ್ತೆ ಬಂದವು. ಈಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಹೋಗಿದೆ, ಹೊಸದು ದುಬಾರಿ, ಅದನ್ನು ತೆಗೆದು, ಅದಿಲ್ಲದೆಯೂ ಗಾಡಿ ಓಡುವಂತೆ 'ಡಿಲೀಟ್' ಮಾಡಿಕೊಡ್ತೀವಿ ಅಂತಿದ್ದಾರೆ.

ಮೊದಲು ಕೋಡ್ ನೋಡೋಣ. ಪಿ2031 ಅಂದ್ರೆ ಎರಡನೇ ಇಜಿಟಿ ಸೆನ್ಸರ್‌ನ ಸರ್ಕಿಟ್‌ನಲ್ಲಿ ತೊಂದರೆ. ಇಜಿಟಿ ಅಂದ್ರೆ ಹೊಗೆಯ ಬಿಸಿ ಅಳೆಯುವ ಸೆನ್ಸರ್. 'ಸರ್ಕಿಟ್' ಅನ್ನೋ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರಲ್ಲಿ ಸೆನ್ಸರ್ ಇದೆ, ವೈರ್ ಇದೆ, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಇದೆ, ಅರ್ಥಿಂಗ್ ಇದೆ, ಕೊನೆಗೆ ಇಸಿಯು, ಅಂದ್ರೆ ಇಂಜಿನ್ ನಡೆಸುವ ಕಂಪ್ಯೂಟರ್ ಇದೆ. ಇದರಲ್ಲಿ ಯಾವುದು ಕೆಟ್ಟರೂ ಕೋಡ್ ಅದೇ. ಸೆನ್ಸರ್ ಸತ್ತಿದೆ ಅಂತ ಕೋಡ್ ಎಲ್ಲೂ ಹೇಳೋದಿಲ್ಲ.

ಪಿ2463 ಅಂದ್ರೆ ಡಿಪಿಎಫ್‌ನಲ್ಲಿ ಮಸಿ ಜಾಸ್ತಿ ತುಂಬಿದೆ ಅಂತ. ಇದು ಬಹುಶಃ ಮೊದಲನೆಯದರ ಮಗು. ಹೇಗೆ ಅಂದ್ರೆ, ಡಿಪಿಎಫ್ ತುಂಬಿದಾಗ ಗಾಡಿ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಒಳಗೆ ಸುಮಾರು 600 ಡಿಗ್ರಿ ಬಿಸಿ ಮಾಡಿ, ಆ ಮಸಿಯನ್ನು ಸುಟ್ಟು ಹಾಕುತ್ತದೆ. ಅದಕ್ಕೇ ರೀಜೆನ್ ಅನ್ನೋದು. ಅಷ್ಟು ಬಿಸಿ ಮಾಡುವಾಗ ಇಜಿಟಿ ಸೆನ್ಸರ್ ಇಸಿಯುಗೆ ಕಣ್ಣಿದ್ದಂತೆ. ರೀಡಿಂಗ್ ಸರಿಯಾಗಿ ಬರದಿದ್ದರೆ ಇಸಿಯು ರೀಜೆನ್ ಶುರುವೇ ಮಾಡೋದಿಲ್ಲ. ಕುರುಡಾಗಿ ಬಿಸಿ ಮಾಡಿದರೆ ಡಿಪಿಎಫ್ ಕರಗುತ್ತೆ, ಗಾಡಿಗೆ ಬೆಂಕಿನೂ ಹತ್ತಬಹುದು. ರೀಜೆನ್ ನಿಂತರೆ ಮಸಿ ತುಂಬುತ್ತಾ ಹೋಗುತ್ತದೆ. ಆಮೇಲೆ ಗಾಡಿ ತನ್ನನ್ನು ಉಳಿಸಿಕೊಳ್ಳೋಕೆ ಪವರ್ ಇಳಿಸುತ್ತದೆ. ಅದಕ್ಕೇ ಕೇಳ್ತಿದ್ದೇನೆ, ಇಜಿಟಿ ತೊಂದರೆ ಬಗೆಹರಿಯುವ ಮೊದಲೇ ಡಿಪಿಎಫ್ ಹೋಗಿದೆ ಅಂತ ಅವರು ಹೇಗೆ ತೀರ್ಮಾನ ಮಾಡಿದರು?

ಈಗ ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳ್ತೀನಿ. ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತಗೊಳ್ಳಿ, ಗಾಡಿಯ ಸ್ಕ್ಯಾನರ್ ಪೋರ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ರೀಡಿಂಗ್ ತೋರಿಸುವ ಸಣ್ಣ ಸಾಧನ ಅದು. ನಿಮ್ಮ ಗಾಡಿಯ ಇಜಿಟಿ ಲೈವ್ ರೀಡಿಂಗ್ ತೋರಿಸುವ ಆಪ್ ಬೇಕು, ಅಗ್ಗದ ಡಾಂಗಲ್ ಎಲ್ಲವನ್ನೂ ತೋರಿಸೋದಿಲ್ಲ, ಕೇಳಿ ತಗೊಳ್ಳಿ. ರಾತ್ರಿಯೆಲ್ಲ ಗಾಡಿ ನಿಂತಿರಲಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಚಾವಿ ಆನ್ ಮಾಡಿ, ಇಂಜಿನ್ ಶುರು ಮಾಡಬೇಡಿ. ಎಲ್ಲಾ ಇಜಿಟಿ ರೀಡಿಂಗ್ ನೋಡಿ. ರಾತ್ರಿಯೆಲ್ಲ ತಣ್ಣಗಾದ ಸೈಲೆನ್ಸರ್‌ನಲ್ಲಿ ಎಲ್ಲವೂ ಹೊರಗಿನ ಹವೆಯಷ್ಟೇ ತೋರಿಸಬೇಕು. ನಾಲ್ಕೈದು ಡಿಗ್ರಿ ಆಚೀಚೆ ಪರವಾಗಿಲ್ಲ. ನಮ್ಮ ಎರಡನೇ ಗಾಡಿಯಲ್ಲಿ ಒಂದು ಜನವರಿ ಬೆಳಿಗ್ಗೆ ಹೀಗೆ ನೋಡಿದಾಗ 16, 17, 63 ಅಂತ ಬಂತು. ಕೈ ಮುಟ್ಟಿದರೆ ಪೈಪ್ ಐಸ್‌ನಂತೆ ತಣ್ಣಗಿದೆ, ಸೆನ್ಸರ್ ಮಾತ್ರ 63 ಅಂತಿದೆ. ಯಾವ ಲೈನಿನಲ್ಲಿ ತೊಂದರೆ ಅಂತ ಎರಡು ನಿಮಿಷದಲ್ಲಿ ಗೊತ್ತಾಯ್ತು. ರೀಡಿಂಗ್ ಮೈನಸ್ 40 ಅಥವಾ ಸಾವಿರದ ಹತ್ತಿರ ಹೋಗಿ ಅಲ್ಲೇ ಅಂಟಿಕೊಂಡಿದ್ದರೆ ಹೆಚ್ಚಾಗಿ ವೈರ್ ಕಡಿದಿದೆ ಅಥವಾ ಶಾರ್ಟ್ ಆಗಿದೆ.

ಆಮೇಲೆ ಇಂಜಿನ್ ಶುರು ಮಾಡಿ. ಇಂಜಿನ್ ಹತ್ತಿರದ ಸೆನ್ಸರ್ ಮೊದಲು ಏರಬೇಕು, ಹಿಂದಿನದು ನಿಧಾನವಾಗಿ. ಇದು ಉಲ್ಟಾ ಆದರೆ ಯಾರೋ ಕಪ್ಲರ್ ಅದಲು ಬದಲು ಹಾಕಿದ್ದಾರೆ. ಐಡಲ್‌ನಲ್ಲಿ ಓಡುತ್ತಿರುವಾಗಲೇ ಪೈಪ್ ಬಿಸಿಯಾಗುವ ಮೊದಲು ಒಂದೊಂದೇ ವೈರನ್ನು ಮೆಲ್ಲಗೆ ಅಲುಗಾಡಿಸಿ, ಇನ್ನೊಬ್ಬರು ಮೊಬೈಲ್ ನೋಡುತ್ತಿರಲಿ. ರೀಡಿಂಗ್ ಜಿಗಿದರೆ ನಿಮ್ಮ ಕೈ ಇರುವ ಜಾಗದಲ್ಲೇ ರೋಗ ಇದೆ.

ಇನ್ನೊಂದು ಮಾತು. 'ಎರಡನೇ ಸೆನ್ಸರ್' ಅಂದಾಗ ಇಂಜಿನ್ ಕಡೆಯಿಂದ ಎಣಿಸಬೇಕು. ಗ್ಯಾರೇಜಿನವರು ಬದಲಿಸಿದ್ದು ಆ ಎರಡನೆಯದೇನಾ? ಹಳೆಯ ಸೆನ್ಸರ್ ವಾಪಸ್ ಕೇಳಿ ತಗೊಂಡು, ಅದರ ಮೇಲಿನ ಪಾರ್ಟ್ ನಂಬರ್‌ನ ಫೋಟೋ ಹಾಕಿ. ಕೆಳಗೆ ಮಲಗಿ ನೋಡಿದವರಿಗೆ ಕೈಗೆ ಸುಲಭವಾಗಿ ಸಿಗುವ ಸೆನ್ಸರ್ ಬಿಚ್ಚುವ ಅಭ್ಯಾಸ ಇರುತ್ತೆ. ನಾನು ಇದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ವೈರಿಂಗ್ ಎಲ್ಲಿ ನೋಡಬೇಕು ಅಂದ್ರೆ, ಮೊದಲು ಸೈಲೆನ್ಸರ್ ಪೈಪ್ ಪಕ್ಕದಲ್ಲಿ ಕ್ಲಿಪ್ ಬಿಟ್ಟು ಜೋತುಬಿದ್ದ ಜಾಗ. ಆಮೇಲೆ ಚಾಸಿಸ್ ಮೂಲೆಗೆ ತಿಕ್ಕುವ ಜಾಗ. ಕಪ್ಲರ್ ಬಿಚ್ಚಿ ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ನಿಮ್ಮ ನರ್ಸರಿಯಲ್ಲಿ ಕೋಕೋಪೀಟ್, ಗೊಬ್ಬರದ ಚೀಲದ ನಡುವೆ ಗಾಡಿ ನಿಲ್ಲುತ್ತೆ, ಅಲ್ಲಿ ಇಲಿ ಇರದೇ ಇರಲ್ಲ. ಕಡಿದ ವೈರಿಗೆ ಬರೀ ಟೇಪ್ ಸುತ್ತಿ ಬಿಡಬೇಡಿ. ಆ ಬಿಸಿಗೆ ಟೇಪ್ ಒಂದು ವಾರವೂ ನಿಲ್ಲೋದಿಲ್ಲ.

ಗಾಡಿಗೆ ಇತ್ತೀಚೆಗೆ ವೆಲ್ಡಿಂಗ್ ಮಾಡಿಸಿದ್ದೀರಾ? ಗಿಡ ಎರಡು ಅಂತಸ್ತಿನಲ್ಲಿ ಇಡೋಕೆ ಜಾಳಿ ಕೂರಿಸಿದಂತೆ ಫೋಟೋದಲ್ಲಿ ಕಾಣ್ತಿದೆ. ಬ್ಯಾಟರಿ ವೈರ್ ಬಿಚ್ಚದೆ ವೆಲ್ಡಿಂಗ್ ಹೊಡೆದರೆ ಇಸಿಯು, ಸೆನ್ಸರ್ ಎರಡಕ್ಕೂ ಪೆಟ್ಟು. ಮುಂದೆ ಮಾಡಿಸುವಾಗ ಬ್ಯಾಟರಿ ಬಿಚ್ಚಿಸಿ, ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ.

ಈಗ ನನ್ನದೇ ಅನುಭವ ಹೇಳ್ತೀನಿ. ಎರಡು ಮಳೆಗಾಲದ ಹಿಂದೆ ವಿಜಯಪುರ ಕಡೆಯ ಇಂಡಿ ಊರಿನಿಂದ ನಿಂಬೆಹಣ್ಣು ಹಾಕಿಕೊಂಡು ಬರುತ್ತಿದ್ದೆ. ಸೊಲ್ಲಾಪುರ ದಾಟಿ ಭಿಗವಣ ಹತ್ತಿರ ಬೆಳಗಿನ ಜಾವ ಲೈಟ್ ಬಂತು. ಆಕ್ಸಿಲೇಟರ್ ಪೂರ್ತಿ ಒತ್ತಿದರೂ 40ರ ಮೇಲೆ ಹೋಗಲಿಲ್ಲ. ಯಾರ್ಡ್ ಸೇರುವಾಗ ಹರಾಜು ಮುಗಿದಿತ್ತು, ಅವತ್ತಿನ ದರವೂ ಹೋಯ್ತು. ಕೋಡ್ ಪಿ2453, ಅಂದರೆ ಡಿಪಿಎಫ್‌ನ ಒತ್ತಡದ ಸೆನ್ಸರ್ ಕೊಡುವ ಲೆಕ್ಕ ಸರಿಯಿಲ್ಲ ಅಂತ. ಒಂದು ಗ್ಯಾರೇಜಿನಲ್ಲಿ 'ಸೆನ್ಸರ್ ಗೇಲಾಯ್' (ಸೆನ್ಸರ್ ಹೋಗಿದೆ) ಅಂತ ಮರಾಠಿಯಲ್ಲಿ ಹೇಳಿ ಹೊಸದು ಹಾಕಿದರು. ನಾಲ್ಕನೇ ದಿನ ಅದೇ ಕೋಡ್.

ಆ ಭಾನುವಾರ ನಾನೇ ಟಾರ್ಚ್ ಹಿಡಿದು ಕೂತೆ. ಆ ಸೆನ್ಸರ್‌ಗೆ ಎರಡು ಸಣ್ಣ ಹೋಸ್ ಪೈಪ್ ಬರುತ್ತವೆ. ಒಂದು ಡಿಪಿಎಫ್‌ನ ಮುಂದಿನಿಂದ, ಇನ್ನೊಂದು ಹಿಂದಿನಿಂದ. ಎರಡರ ಒತ್ತಡದ ವ್ಯತ್ಯಾಸ ನೋಡಿಯೇ ಎಷ್ಟು ಮಸಿ ತುಂಬಿದೆ ಅಂತ ಇಸಿಯು ಲೆಕ್ಕ ಹಾಕೋದು. ಮೇಲಿನಿಂದ ನೋಡಿದರೆ ಎರಡೂ ಹೊಸದರಂತೆ ಇದ್ದವು. ಮುಂದಿನ ಹೋಸನ್ನು ಬೆರಳಿನಿಂದ ಬಗ್ಗಿಸಿದೆ. ಕ್ಲಿಪ್ ಕಚ್ಚುವ ಜಾಗದ ಕೆಳಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಅದರ ಸುತ್ತ ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಸಣ್ಣ ಕಪ್ಪು ಗೆರೆ. ಒತ್ತಡ ಅಲ್ಲೇ ಸೋರುತ್ತಿತ್ತು. ಗೇಣುದ್ದದ ಹೋಸ್ ಬದಲಿಸಿದೆ. ಇವತ್ತಿಗೂ ಆ ಕೋಡ್ ಬಂದಿಲ್ಲ.

ಹೋಸ್ ವಿಷಯದಲ್ಲಿ ಮೂರು ಎಚ್ಚರಿಕೆ. ಡೀಸೆಲ್ ಪೈಪ್ ತುಂಡು ಹಾಕಬೇಡಿ, ಬಿಸಿ ತಡೆಯುವ ಅದೇ ಹೋಸ್ ಬೇಕು. ಎರಡನ್ನೂ ಅದಲು ಬದಲು ಮಾಡಬೇಡಿ, ಮಾಡಿದರೆ ರೀಡಿಂಗ್ ಮೈನಸ್‌ಗೆ ಹೋಗುತ್ತೆ. ಮತ್ತೆ ಹೋಸ್ ಎಲ್ಲೂ ಜೋಲು ಬೀಳಬಾರದು. ಸೆನ್ಸರ್ ಮೇಲೆ, ಪೈಪ್ ಕೆಳಗೆ, ನಡುವೆ ಒಂದೇ ಇಳಿಜಾರು ಇರಬೇಕು. ಜೋಲು ಬಿದ್ದಲ್ಲಿ ಹೊಗೆಯ ನೀರು ನಿಂತು ದಾರಿ ಕಟ್ಟುತ್ತದೆ. ಸೆನ್ಸರ್ ಒಳಗೆ ಕಂಪ್ರೆಸರ್ ಗಾಳಿ ಊದಬೇಡಿ. ಹೋಸ್ ಬಿಚ್ಚಿಕೊಂಡು ಪೈಪಿನ ಕಡೆಗೆ ಮಾತ್ರ ಊದಿ. ಇಂಜಿನ್ ಆಫ್, ಚಾವಿ ಆನ್ ಇದ್ದಾಗ ಈ ಸೆನ್ಸರ್ ಸೊನ್ನೆ ತೋರಿಸಬೇಕು. ಹೊಸದು ಹಾಕಿದರೆ ಸ್ಕ್ಯಾನರ್‌ನಿಂದ ಅದಕ್ಕೆ ಸೊನ್ನೆ ಕಲಿಸಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಇಜಿಟಿ ನಿಜವಾಗಿಯೂ ಹೋಗಿದ್ದರೆ ಬಿಚ್ಚುವ ಹಿಂದಿನ ರಾತ್ರಿಯೇ ಅದರ ಸ್ಕ್ರೂ ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ವೈರ್ ಹೋಗಲು ಸೀಳಿರುವ ಸಾಕೆಟ್ ಬಳಸಿ, ಇಲ್ಲದಿದ್ದರೆ ನಟ್ ಮೂಲೆ ಸವೆದು ಇನ್ನೊಂದು ತಲೆನೋವು. ಹೊಸದರ ಥ್ರೆಡ್ಡಿಗೆ ಮಾತ್ರ ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ತುದಿಗೆ ತಾಗಬಾರದು.

ನಾಕ್ಸ್ ಸೆನ್ಸರ್, ಅಂದ್ರೆ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್ ಬಗ್ಗೆ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಯೂರಿಯಾ ಟ್ಯಾಂಕ್ ಇರುವ ಗಾಡಿಯವರು ಇದನ್ನು ಗಮನವಿಟ್ಟು ಓದಿ. ಆ ಸೆನ್ಸರ್ ಮತ್ತು ವೈರಿನ ಆ ತುದಿಯ ಡಬ್ಬಿ ಎರಡೂ ಸೇರಿ ಒಂದೇ ಪಾರ್ಟ್. ಒಳಗಿನ ಸೆರಾಮಿಕ್ 800 ಡಿಗ್ರಿಯ ಹತ್ತಿರ ಕಾದು ಕೆಲಸ ಮಾಡುತ್ತದೆ. ಕಾದಾಗ ನೀರು ಬಿದ್ದರೆ ಸೀಳುತ್ತದೆ. ಅದಕ್ಕೇ ಪೈಪ್ ಒಣಗುವ ತನಕ ಇಸಿಯು ಅದನ್ನು ಬಿಸಿ ಮಾಡೋದಿಲ್ಲ, ಮೊದಲ ಕೆಲವು ನಿಮಿಷ ರೀಡಿಂಗ್ ಬರೋದಿಲ್ಲ. ಅದು ಕೆಟ್ಟಿದೆ ಅಂತಲ್ಲ. ಗಾಡಿ ನಿಲ್ಲಿಸಿದ ತಕ್ಷಣ ವಾಷಿಂಗ್ ಸೆಂಟರಿನಲ್ಲಿ ಕೆಳಗಿನಿಂದ ಪ್ರೆಷರ್ ನೀರು ಹೊಡೆಸಬೇಡಿ. ಬ್ಯಾಟರಿ, ಅರ್ಥಿಂಗ್ ಸಡಿಲ ಇದ್ದರೂ ಇದರ ಕೋಡ್ ಬರುತ್ತದೆ. ಪಿ20ಇಇ ಬಂದರೆ ಸೆನ್ಸರ್‌ಗೆ ಕೈ ಹಾಕುವ ಮೊದಲು ಯೂರಿಯಾ ನೋಡಿ. ಆ ಕೋಡ್ ಹೇಳೋದು ಹೊಗೆ ಸರಿಯಾಗಿ ಶುದ್ಧ ಆಗ್ತಿಲ್ಲ ಅಂತ, ಅಷ್ಟೇ.

ನಾವು ರೈತರು, ಮನೆಯಲ್ಲಿ ಯೂರಿಯಾ ಚೀಲ ಇರುತ್ತೆ, ನೀರಲ್ಲಿ ಕರಗಿಸಿ ಹಾಕಿದರಾಯ್ತು ಅಂತ ಕೆಲವರು ಹೇಳೋದು ಕೇಳಿದ್ದೇನೆ. ಕೈಮುಗಿದು ಹೇಳ್ತೀನಿ, ಬೇಡ. 2015ರಿಂದ ನಮ್ಮ ದೇಶದ ಹೊಲದ ಯೂರಿಯಾಗೆ ಬೇವಿನೆಣ್ಣೆ ಲೇಪ ಕಡ್ಡಾಯ ಆಗಿದೆ. ಗಾಡಿಗೆ ಬೇಕಾದದ್ದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಬೋರಿನ ನೀರು, ಬೇವಿನ ಲೇಪ ಎರಡೂ ಸೇರಿದರೆ ಯೂರಿಯಾ ಇಂಜೆಕ್ಟರ್ ಮುಚ್ಚಿ, ಯೂರಿಯಾದಿಂದ ಹೊಗೆ ಶುದ್ಧ ಮಾಡುವ ಭಾಗವಾದ ಎಸ್‌ಸಿಆರ್ ಹಾಳಾಗುತ್ತದೆ.

ಮತ್ತೆ ನಿಮ್ಮ ಗಾಡಿಗೆ ಬರ್ತೀನಿ ಅಣ್ಣಾ. ಇಜಿಟಿ ಲೈನ್ ಸರಿಯಾದ ಮೇಲೆ ಕೋಡ್ ಅಳಿಸಿ, ಸ್ಕ್ಯಾನರ್‌ನಲ್ಲಿ ಮಸಿಯ ಲೆಕ್ಕ ಎಷ್ಟಿದೆ ನೋಡಿಸಿ. ಕಂಪನಿ ಹೇಳಿದ ಮಿತಿಯೊಳಗೆ ಇದ್ದರೆ ಗ್ಯಾರೇಜಿನಲ್ಲೇ ಸ್ಕ್ಯಾನರ್ ಹಾಕಿ ರೀಜೆನ್ ಮಾಡಿಸಬಹುದು. ಮಿತಿ ದಾಟಿದ್ದರೆ ಬಲವಂತವಾಗಿ ಮಾಡಿಸಬೇಡಿ, ಡಿಪಿಎಫ್ ಬಿಚ್ಚಿ ಕ್ಲೀನ್ ಮಾಡಿಸಿ. ಕ್ಲೀನ್ ಮಾಡದೆ ಬರೀ ಲೆಕ್ಕ ಸೊನ್ನೆ ಮಾಡುವವರ ಕೈಗೆ ಗಾಡಿ ಕೊಡಲೇಬೇಡಿ. ಒಳಗೆ ಮಸಿ ತುಂಬಿದೆ, ಇಸಿಯು ಖಾಲಿ ಅಂದುಕೊಂಡಿದೆ, ಆಗ ಒಮ್ಮೆಲೇ ಹತ್ತಿಕೊಂಡರೆ ಫಿಲ್ಟರ್ ಬಿರಿಯುತ್ತದೆ. ರೀಜೆನ್ ನಡೆಯುವಾಗ ಯವತ್ ಕಡೆ ಕಬ್ಬಿನ ರವದಿ (ಒಣ ಸೋಗೆ) ಬಿದ್ದ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಬೇಡಿ, ಒಣ ರವದಿಗೆ ಆ ಪೈಪಿನ ಬಿಸಿ ಸಾಕು.

ನಿಮ್ಮ ಓಡಾಟವೂ ಇದಕ್ಕೆ ಒಂದು ಕಾರಣ. ಹಡಪ್ಸರ್ ಟ್ರಾಫಿಕ್‌ನಲ್ಲಿ ಐದು ಕಿಲೋಮೀಟರ್ ಹೋಗಿ ಗಾಡಿ ಬಂದ್ ಮಾಡಿದರೆ ಶುರುವಾದ ರೀಜೆನ್ ಅರ್ಧಕ್ಕೇ ನಿಲ್ಲುತ್ತದೆ. ಐಡಲ್ ಸ್ವಲ್ಪ ಏರಿದೆ, ಸುಟ್ಟ ವಾಸನೆ ಬರ್ತಿದೆ, ಫ್ಯಾನ್ ನಿಲ್ತಿಲ್ಲ ಅಂದ್ರೆ ರೀಜೆನ್ ನಡೀತಿದೆ ಅಂತ. ಆಗ ಬಂದ್ ಮಾಡಬೇಡಿ. ವಾರಕ್ಕೊಮ್ಮೆ ಸೊಲ್ಲಾಪುರ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮನೆ, ಇಂಜಿನ್ 2000 ಸುತ್ತಿನ ಮೇಲೆ ಇಟ್ಟು ಓಡಿಸಿ. ಟ್ಯಾಂಕ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇರಲಿ. ಇಂಜಿನ್ ಆಯಿಲ್ ಕಡ್ಡಿ ಕೂಡ ಇವತ್ತೇ ನೋಡಿ. ರೀಜೆನ್ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಆಯಿಲಿಗೆ ಸೇರಿ ಮಟ್ಟ ಮೇಲಿನ ಗೆರೆ ದಾಟುತ್ತದೆ. ದಾಟಿದ್ದರೆ ಮೊದಲು ಆಯಿಲ್ ಬದಲಿಸಿ, ಬಿಎಸ್6ಗೆ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ. ಇಷ್ಟೆಲ್ಲ ಮಾಡಿದ ಮೇಲೂ ಮಸಿ ಬೇಗ ತುಂಬಿದರೆ ಸೆನ್ಸರ್ ನಿಜವನ್ನೇ ಹೇಳ್ತಿದೆ. ಇಂಜೆಕ್ಟರ್, ಟರ್ಬೋ ಹೋಸ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಭಾಗ) ನೋಡಿಸಿ.

ಡಿಲೀಟ್ ಮಾತ್ರ ಮಾಡಿಸಬೇಡಿ. ಕಂಪನಿ ಕೊಟ್ಟ ರೂಪ ಹೀಗೆ ಬದಲಿಸೋದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪೋದಿಲ್ಲ. ಅದಕ್ಕಿಂತ ನನಗೆ ಹೆಚ್ಚು ಕಾಡುವುದು ಬೇರೆ. ಯಾರ್ಡ್‌ನಲ್ಲಿ ಗಾಡಿ ಹಿಂದೆ ತಗೊಳ್ಳುವಾಗ ಹಮಾಲರು ಅಲ್ಲೇ ನಿಂತಿರುತ್ತಾರೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಹುಡುಗರೇ ಅದರಲ್ಲಿ ಎಷ್ಟೋ ಜನ. ನಿಮ್ಮ ನರ್ಸರಿಯಲ್ಲೂ ಗಿಡ ಏರಿಸುವ ಹೆಂಗಸರು ಗಾಡಿಯ ಹಿಂದೆಯೇ ಇರುತ್ತಾರೆ. ಆ ಮಸಿ ಹೋಗೋದು ಅವರ ಎದೆಗೆ.

ಗ್ಯಾರೇಜಿಗೆ ಹೋದಾಗ 'ಆಧೀ ರೀಡಿಂಗ್ ದಾಖವಾ' (ಮೊದಲು ರೀಡಿಂಗ್ ತೋರಿಸಿ) ಅಂತ ಮರಾಠಿಯಲ್ಲಿ ಕೇಳಿ. ಕೆಲಸ ಗೊತ್ತಿರುವ ಮಿಸ್ತ್ರಿ ಖುಷಿಯಿಂದ ತೋರಿಸುತ್ತಾನೆ. ತೋರಿಸದಿದ್ದರೆ ಗಾಡಿ ಅಲ್ಲಿ ಬಿಡಬೇಡಿ.

ನಾಳೆ ಬೆಳಿಗ್ಗೆ ತಣ್ಣಗಿದ್ದಾಗಿನ ರೀಡಿಂಗ್ ಫೋಟೋ, ಎರಡೂ ಹೋಸಿನ ಫೋಟೋ, ಆಯಿಲ್ ಕಡ್ಡಿಯ ಫೋಟೋ ಇಲ್ಲೇ ಹಾಕಿ. ಗುರುವಾರ ಬೆಳಿಗ್ಗೆ ಹತ್ತರ ತನಕ ನಾನು ಯಾರ್ಡ್‌ನಲ್ಲೇ ಇರ್ತೀನಿ. ಗಾಡಿ ಅಷ್ಟು ದೂರ ಓಡುವಂತಿದ್ದರೆ ತಗೊಂಡು ಬನ್ನಿ, ಡಾಂಗಲ್ ನನ್ನ ಹತ್ತಿರ ಇದೆ.