ಐರಿಷ್ ಧ್ವಜದ ಮೂರು ಪದರಗಳು ಕಲೆಯದಿರಲು
ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಕೂಟಕ್ಕೆ ಐರ್ಲೆಂಡ್ ಧ್ವಜದ ಬಣ್ಣಗಳ ಶಾಟ್ (ಪುಟ್ಟ ಲೋಟದಲ್ಲಿ ಕೊಡುವ ಮದ್ಯಪಾನೀಯ) ಮಾಡುವಾಗ ಹಸಿರು, ಬಿಳಿ, ಕಿತ್ತಳೆ ಪದರಗಳು ಏಕೆ ಕಲೆತುಹೋಗುತ್ತವೆ ಎಂದು ಕೇಳಿದ್ದೀರಿ. ಸುರಿಯುವ ಕ್ರಮವೇ ಇಲ್ಲಿ ಮುಖ್ಯ: ಸಕ್ಕರೆ ಹೆಚ್ಚಿದ್ದು ಭಾರವಾಗಿರುವ ಹಸಿರು ಕ್ರೆಮ್ ದ ಮಾಂತ್ (ಪುದೀನ ರುಚಿಯ ಸಿಹಿಮದ್ಯ) ತಳಕ್ಕೆ, ಅದರ ಮೇಲೆ ಬೈಲೀಸ್‌ನಂಥ ಐರಿಷ್ ಕ್ರೀಮ್ (ವಿಸ್ಕಿ, ಹಾಲಿನ ಕೆನೆ ಬೆರೆತ ಸಿಹಿಮದ್ಯ; ಅಚ್ಚ ಬಿಳಿಯಲ್ಲ, ಕೆನೆಬಣ್ಣ), ಮದ್ಯಸಾರ ಹೆಚ್ಚಿದ್ದು ಹಗುರವಾಗಿರುವ ಗ್ರಾಂಡ್ ಮಾರ್ನಿಯೆ (ಕಿತ್ತಳೆ ರುಚಿಯ ಮದ್ಯ) ಕೊನೆಗೆ, ತಲಾ 15 ಮಿ.ಲೀ. ಚಮಚವನ್ನು ಬೋರಲು ಹಿಡಿದು, ತುದಿ ಲೋಟದ ಒಳಮೈಗೆ ತಾಗುವಂತಿಟ್ಟು, ಅದರ ಬೆನ್ನಿನ ಮೇಲೆ ಸಣ್ಣ ಎಳೆಯಾಗಿ ಸುರಿದರೆ ಕ್ರೀಮ್ ಹಸಿರಿನ ಮೇಲೆ ಮೆಲ್ಲನೆ ಹರಡಿ ನಿಲ್ಲುತ್ತದೆ; ದಯವಿಟ್ಟು ಅವಸರ ಮಾಡಬೇಡಿ. ನಿಂಬೆರಸವನ್ನಂತೂ ಸೇರಿಸಲೇಬೇಡಿ, ಕ್ರೀಮ್ ಒಡೆದು ಗಂಟುಕಟ್ಟುತ್ತದೆ. ಹಾಲು ಒಗ್ಗದ ಅತಿಥಿಗಳಿದ್ದರೆ, ಇದರಲ್ಲಿ ಹಾಲಿನ ಕೆನೆ ಇದೆ ಎಂದು ಅವರಿಗೆ ಮೊದಲೇ ತಿಳಿಸಿ.