ಓದುಗರ ಪ್ರಶ್ನೆ: ತಿಂಗಳ ಮೆಚ್ಚುಗೆಗಳನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ಸಿನಿಮಾ, ಉಡುಪು, ಪೋಸ್ಟರು, ಪುಸ್ತಕ ಅಂತ ಹಿಡಿಸಿದ್ದಕ್ಕೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ತಿಂಗಳ ಕೊನೆಗೆ ನೋಡಿದರೆ ಯಾವುದನ್ನು ಯಾಕೆ ತೆಗೆದೆ ಅಂತಲೇ ನೆನಪಾಗುವುದಿಲ್ಲ.

ಉತ್ತರ: ಚಿತ್ರ ಉಳಿದಿದೆ, ಕಾರಣ ಉಳಿದಿಲ್ಲ. ನೋಟ್ ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೇ ಸಂಗತಿ ಇಟ್ಟುಕೊಳ್ಳಿ. ಕೆಳಗೆ ಅದೇ ದಿನ ಎರಡು ಸಾಲು ಬರೆಯಿರಿ. ‘ಬೆಳಕು ಚೆನ್ನಾಗಿದೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಎಡಗಡೆ ಕಿಟಕಿಯಿಂದ ಮಾತ್ರ ಬೆಳಕು, ಮುಖದ ಬಲಭಾಗ ಕತ್ತಲು, ಹಿಂದಿನ ಗೋಡೆ ಮುಖಕ್ಕಿಂತ ಮಬ್ಬು’ ಅಂತ ಬರೆದರೆ ನಾಳೆ ನೀವೇ ಫೋಟೊ ತೆಗೆಯುವಾಗ ಕೈಹಿಡಿಯುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ಪುಟ ಸಾಕು, ಅದಕ್ಕಿಂತ ಹೆಚ್ಚಾದರೆ ಯಾರೂ ತಿರುಗಿ ನೋಡುವುದಿಲ್ಲ.

ಸಿನಿಮಾ ಆ್ಯಪ್‌ಗಳಲ್ಲಿ ನಕಲು ತಡೆಯುವ ವ್ಯವಸ್ಥೆ ಇರುವುದರಿಂದ ಸ್ಕ್ರೀನ್‌ಶಾಟ್ ಎಷ್ಟೋ ಸಲ ಬರೀ ಕಪ್ಪಾಗಿ ಬರುತ್ತದೆ. ಆಗ ದೃಶ್ಯದ ಗಂಟೆ, ನಿಮಿಷ, ಸೆಕೆಂಡು ಬರೆದುಕೊಳ್ಳಿ, ಜೊತೆಗೆ ಯಾವ ಪ್ರತಿ ನೋಡಿದಿರಿ ಅನ್ನುವುದನ್ನೂ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮಿನ) ಸಿನಿಮಾವನ್ನು ಕೆಲವು ದೇಶಗಳ ಟಿವಿ ಮತ್ತು ಡಿವಿಡಿಗಳಲ್ಲಿ 25ರ ವೇಗದಲ್ಲಿ ಓಡಿಸುತ್ತಿದ್ದರು. ಎರಡು ಗಂಟೆಯ ಚಿತ್ರ ಅಲ್ಲಿ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ, ನೀವು ಬರೆದ ಸಮಯಕ್ಕೆ ಬೇರೆಯೇ ದೃಶ್ಯ ಸಿಗುತ್ತದೆ.

ಪ್ರಶ್ನೆ: ಸಿನಿಮಾದಲ್ಲಿ ಕಂಡ ಬಣ್ಣದ, ಹಾಗೇ ಮೈಮೇಲೆ ಇಳಿಬೀಳುವ ಉಡುಪು ಹೊಲಿಸಿದೆ. ಬಣ್ಣವೂ ಬೇರೆ, ಇಳಿತವೂ ಬೇರೆ. ಯಾಕೆ?

ಉತ್ತರ: ಪರದೆಯ ಬಣ್ಣ ಬೆಳಕಿನದು, ಬಟ್ಟೆಯದು ಅದರ ಮೇಲೆ ಬಿದ್ದು ಮರಳಿದ ಬೆಳಕಿನದು. ಸಾಲದ್ದಕ್ಕೆ ಇಡೀ ದೃಶ್ಯಕ್ಕೇ ಬಣ್ಣ ಹೊಂದಿಸಿರುತ್ತಾರೆ. ಹಳದಿ ದೀಪದ ಕೋಣೆಯಲ್ಲಿ ಬಿಳಿ ಅಂಗಿಯೂ ಕೆನೆಬಣ್ಣ. ಆದ್ದರಿಂದ ಉಡುಪೊಂದನ್ನೇ ನೋಡಬೇಡಿ, ಅದೇ ಚೌಕಟ್ಟಿನಲ್ಲಿ ಬಿಳಿ ಕಾಗದವೋ ಹಾಸಿಗೆಯೋ ಇದ್ದರೆ ಅದಕ್ಕೆ ಹೋಲಿಸಿ. ಬಟ್ಟೆಯ ತುಂಡನ್ನು ದೀಪದ ಕೆಳಗೂ ನೇರ ಬಿಸಿಲಿಲ್ಲದ ಕಿಟಕಿ ಬಳಿಯೂ ನೋಡಿ. ಒಂದು ಬೆಳಕಿನಲ್ಲಿ ಅವಳಿ ಅನಿಸಿದ ಎರಡು ಬಟ್ಟೆಗಳು ಇನ್ನೊಂದರಲ್ಲಿ ಬೇರೆಯಾಗುವುದು ಸಾಮಾನ್ಯ, ಎರಡರ ಡೈ ಬೇರೆ ಇರುತ್ತದೆ. ಫೋಟೊ ತೆಗೆದಿಡುವುದಾದರೆ ಪಕ್ಕದಲ್ಲಿ ಬಿಳಿ ಕಾಗದ ಇಡಿ.

ಇಳಿತಕ್ಕೆ ಕಾರಣ ಬಹುಶಃ ಕತ್ತರಿಸಿದ ದಿಕ್ಕು. ಹಾಸಿನ ಎಳೆಗಳಿಗೆ (ಬಟ್ಟೆಯ ಉದ್ದಕ್ಕೆ ಓಡುವ ನೂಲುಗಳಿಗೆ) 45 ಡಿಗ್ರಿ ಓರೆಯಾಗಿ, ಅಂದರೆ ದರ್ಜಿಗಳು ಹೇಳುವ ‘ಕ್ರಾಸ್’ ಆಗಿ ಕತ್ತರಿಸಿದರೆ ನೇಯ್ದ ಬಟ್ಟೆಯೂ ಹಿಗ್ಗಿ ಮೈಗೆ ಒರಗುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮ್ಯಾಡೆಲಿನ್ ವಿಯೊನೆ ಹೆಸರಾದದ್ದೇ ಈ ಕತ್ತರಿಕೆಯಿಂದ. ಬಟ್ಟೆ ಹೆಚ್ಚು ಬೇಕಾಗುತ್ತದೆ, ಅದು ನಿಜ. ಹೊಲಿದ ಮೇಲೆ ಕೆಳ ಅಂಚನ್ನು ಮಡಿಚದೆ ಒಂದು ದಿನ ತೂಗುಹಾಕಿ. ತನ್ನ ಭಾರಕ್ಕೆ ಅಲ್ಲಲ್ಲಿ ಜಗ್ಗಿದ ಮೇಲೆ ನೆಲದಿಂದ ಅಳೆದು ಸಮ ಮಾಡಿ. ಆತುರಪಟ್ಟು ಮೊದಲೇ ಮಡಿಚಿದರೆ ಅಂಚು ಡೊಂಕಾಗುತ್ತದೆ. ನೋಟ್ ಪುಸ್ತಕದಲ್ಲಿ ಬಣ್ಣಕ್ಕಿಂತ ಮೊದಲು ಹಾಸಿನ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಿ.

ಪ್ರಶ್ನೆ: ಪೋಸ್ಟರಿನಲ್ಲಿ ಏನನ್ನು ಗುರುತಿಸಿಕೊಳ್ಳಬೇಕು?

ಉತ್ತರ: ಕಣ್ಣು ಕಿರಿದು ಮಾಡಿ ನೋಡಿ, ಮಬ್ಬಿನಲ್ಲೂ ಉಳಿಯುವ ಎರಡು ಮೂರು ಆಕಾರಗಳನ್ನು ಪೆನ್ಸಿಲ್ಲಿನಲ್ಲಿ ಗೀಚಿ. ಅಂಚಿನ ಖಾಲಿ ಜಾಗ ಅಗಲದ ಎಷ್ಟನೇ ಪಾಲು ಎಂದು ಅಳೆದು ಬರೆಯಿರಿ. ಅಕ್ಷರಶೈಲಿಯ ಹೆಸರು ಆಮೇಲೆ ಹುಡುಕಿದರಾಯಿತು.

ಪ್ರಶ್ನೆ: ಪುಸ್ತಕಗಳಿಂದ ಬರೆದುಕೊಂಡ ಸಾಲುಗಳು ಬೇಕಾದಾಗ ಸಿಗುವುದಿಲ್ಲ.

ಉತ್ತರ: ಪುಟಸಂಖ್ಯೆಯ ಜೊತೆ ಮುದ್ರಣದ ವರ್ಷವನ್ನೂ ಬರೆಯಿರಿ, ಮುದ್ರಣ ಬದಲಾದರೆ ಪುಟವೂ ಬದಲಾಗಬಹುದು. ಹುಡುಕುವುದಕ್ಕೆ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ಸೂಚಿ ಚೆನ್ನಾಗಿದೆ. 1706ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆ ವಿಧಾನದಲ್ಲಿ ವಿಷಯದ ಮೊದಲ ಅಕ್ಷರ, ನಂತರದ ಮೊದಲ ಸ್ವರ ಎರಡನ್ನೂ ನೋಡಿ ಸೂಚಿಯಲ್ಲಿ ಮನೆ, ಅಂದರೆ ಚೌಕ, ಹಂಚುತ್ತಾರೆ. ಕನ್ನಡದಲ್ಲಿ ಕಾಗುಣಿತವೇ ಆ ಕೆಲಸ ಮಾಡುತ್ತದೆ: ‘ಬೆಳಕು’ ಬೆ ಮನೆಗೆ, ‘ಬಣ್ಣ’ ಬ ಮನೆಗೆ. ಒತ್ತಕ್ಷರ ಬಿಟ್ಟುಬಿಡಿ, ‘ಪ್ರತಿಬಿಂಬ’ ಪ ಮನೆಯಲ್ಲಿ ಇರಲಿ. ಮೊದಲ ಎರಡು ಪುಟಗಳಲ್ಲಿ ಮನೆಗಳನ್ನು ಗೆರೆ ಎಳೆದು, ಬರೆದಂತೆಲ್ಲ ಪುಟಸಂಖ್ಯೆ ತುಂಬುತ್ತಾ ಹೋಗಿ. ಒಂದು ವಿಷಯದ ಪುಟ ತುಂಬಿದರೆ ಮುಂದಿನ ಖಾಲಿ ಪುಟದಲ್ಲಿ ಮುಂದುವರಿಸಿ, ಅದರ ಸಂಖ್ಯೆಯನ್ನೂ ಅದೇ ಮನೆಗೆ ಸೇರಿಸಿ.